ದಾಸನದೊಡ್ಡಿಯ ಬೆಟ್ಟದಲ್ಲಿ ದಿನಕ್ಕಿಷ್ಟು ಮಣ್ಣು

ಮೊದಲ ಕಟ್ಟೆ ಕಂಡಾಗ ಅಂಥ ವಿಶೇಷವೇನೂ ಅನ್ನಿಸಲಿಲ್ಲ. ಬೆಟ್ಟದ ಮಗ್ಗುಲಲ್ಲಿ ಒಂದಿಷ್ಟು ಕೆಂಪು ನೀರು, ಸುತ್ತ ಕುರಿ ಹಿಕ್ಕೆ, ದಡದಲ್ಲಿ ಮರದ ನೆರಳು. ಇನ್ನೂ ಮೇಲೇರಿದೆ. ಅಲ್ಲೊಂದು ಕಟ್ಟೆ. ಅದರಾಚೆಗೆ ಮತ್ತೊಂದು. ಆಗ ನಿಂತು ಕೆಳಗೆ ನೋಡಿದೆ. ಇಷ್ಟು ಮಣ್ಣನ್ನು ಅಗೆಯಲು ಶುರು ಮಾಡಿದ್ದು ಒಬ್ಬನೇ ಕುರಿಗಾಹಿ ಎಂಬುದು ಆ ಕ್ಷಣಕ್ಕೆ ಮೈಗೆ ತಟ್ಟಿತು.

ಮಂಡ್ಯ ಜಿಲ್ಲೆ ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿ ಕಾಮೇಗೌಡರ ಕತೆ ಓದುಗರಿಗೆ ಹೊಸದಲ್ಲ. 2020ರ ಜೂನ್ 28ರ 'ಮನ್ ಕಿ ಬಾತ್'ನಲ್ಲಿ ಪ್ರಧಾನಿ ಅವರ ಹದಿನಾರು ಕಟ್ಟೆಗಳ ಮಾತು ಎತ್ತಿದ ಮೇಲೆ 'ಕೆರೆ ಕಾಮೇಗೌಡ' ದೇಶಕ್ಕೇ ಪರಿಚಯವಾದರು. ಕೆಎಸ್‌ಆರ್‌ಟಿಸಿ ಜೀವನಪೂರ್ತಿ ಉಚಿತ ಬಸ್ ಪಾಸ್ ಕೊಟ್ಟಿತು. 2022ರ ಅಕ್ಟೋಬರ್ 17ರಂದು ಅವರು ತೀರಿಕೊಂಡರು. ಆರಂಭದಲ್ಲಿ ಕೋಲಿನಿಂದಲೇ ನೆಲ ಕೆದಕಿದ್ದು, ಕುರಿ ಮಾರಿ ಹಾರೆ, ಗುದ್ದಲಿ ಕೊಂಡಿದ್ದು, ಊರಿನವರಿಂದ ಹುಚ್ಚ ಅನ್ನಿಸಿಕೊಂಡಿದ್ದು, ಪ್ರಶಸ್ತಿಯ ದುಡ್ಡನ್ನೂ ಕಟ್ಟೆಗೇ ಸುರಿದದ್ದು ಎಲ್ಲ ಪತ್ರಿಕೆಗಳಲ್ಲಿ ಬಂದಿದೆ.

ಆದರೆ ಆ ವರದಿಗಳು ಅವರನ್ನು ಪವಾಡಪುರುಷರನ್ನಾಗಿಸಿ ಕೈತೊಳೆದುಕೊಂಡವು ಎಂಬುದು ನನ್ನ ತಕರಾರು. ಬೆಟ್ಟ ಹತ್ತಿ ನೋಡಿದರೆ ಇಲ್ಲಿ ಪವಾಡವಿಲ್ಲ, ಲೆಕ್ಕವಿದೆ.

ಲೆಕ್ಕ ಹಾಕಿಯೇ ನೋಡೋಣ. ಗಟ್ಟಿ ನೆಲದಲ್ಲಿ ಒಬ್ಬ ಆಳು ಬಿಡುವಿನ ಹೊತ್ತಿನಲ್ಲಿ ದಿನಕ್ಕೆ ಅರ್ಧ ಘನ ಮೀಟರ್ ಮಣ್ಣು ಎತ್ತುತ್ತಾನೆ ಎಂದಿಟ್ಟುಕೊಳ್ಳಿ. ಎತ್ತಿದ ಜಾಗದಲ್ಲಿ 500 ಲೀಟರ್ ನೀರು ನಿಲ್ಲುತ್ತದೆ. ಮಳೆ, ಹಬ್ಬ, ಜ್ವರ, ನೆಂಟರ ಮದುವೆ ಎಲ್ಲ ಕಳೆದು ವರ್ಷಕ್ಕೆ 200 ದಿನ ಅಗೆದರೂ 1 ಲಕ್ಷ ಲೀಟರಿನ ಜಾಗ. ಹತ್ತು ಸಾವಿರ ಲೀಟರಿನ ಹತ್ತು ಟ್ಯಾಂಕರ್ ನೀರು. ನಲವತ್ತು ವರ್ಷಕ್ಕೆ 40 ಲಕ್ಷ ಲೀಟರ್. ಇದು ಕಾಮೇಗೌಡರ ಕಟ್ಟೆಗಳ ಅಳತೆಯಲ್ಲ, ನನ್ನ ಅಂದಾಜು ಅಷ್ಟೆ. ಕೊನೆಕೊನೆಗೆ ಅವರು ದುಡ್ಡು ಕೊಟ್ಟು ಯಂತ್ರವನ್ನೂ ತರಿಸಿದರು. ಅದರಿಂದ ಅವರ ಕೆಲಸದ ತೂಕ ಕಡಿಮೆಯಾಗುವುದಿಲ್ಲ. ಯಂತ್ರ ಎಲ್ಲಿ ಅಗೆಯಬೇಕು ಎಂಬುದು ತಿಳಿದಿದ್ದು ದಶಕಗಳ ಕಾಲ ಆ ಬೆಟ್ಟ ತುಳಿದ ಕಾಲಿಗೆ.

ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ್ದು ಈ ಜಾಗದ ಆಯ್ಕೆಯೇ. ಕಟ್ಟೆಗಳು ಇಳಿಜಾರಿನಲ್ಲಿ ಮೇಲೆ ಕೆಳಗೆ ಇವೆ. ಮೇಲಿನದು ತುಂಬಿ ಹರಿದ ನೀರು ವ್ಯರ್ಥವಾಗದೆ ಕೆಳಗೆ ಇಂಗುತ್ತದೆ, ನಿಲ್ಲುತ್ತದೆ. ನೀರು ಹರಿದು ಬಂದ ಗುರುತು ಹಿಡಿದು ಒಂದು ಕಟ್ಟೆಯಿಂದ ಇನ್ನೊಂದಕ್ಕೆ ನಡೆದೆ. ಕೆಲವೆಡೆ ಅದು ಬಂಡೆ ಬಳಸಿ ಬಂದಿತ್ತು, ಕೆಲವೆಡೆ ಕುರಿ ದಾರಿಯಲ್ಲೇ ಇಳಿದಿತ್ತು. ಮಳೆ ಸುರಿಯುವಾಗ ಅಲ್ಲೇ ನಿಂತು ನೋಡದವನಿಗೆ ಈ ದಾರಿ ತಿಳಿಯುವುದು ಕಷ್ಟ. ಮಳೆಯಲ್ಲೂ ಬಿಸಿಲಲ್ಲೂ ಬೆಟ್ಟದಲ್ಲೇ ಇರುವವನು ಕುರಿ ಕಾಯುವವನು.

ಗುಟ್ಟು ಇರುವುದು ಇಲ್ಲೇ ಎಂದು ನನಗೆ ತೋರುತ್ತದೆ. ಬೆಳಿಗ್ಗೆ ಐದಕ್ಕೆ ಏಳಿ, ಗುರಿ ಬರೆದಿಡಿ ಎನ್ನುವ ಯಶಸ್ಸಿನ ಪುಸ್ತಕಗಳ ಮೇಲೆ ನನಗೆ ನಂಬಿಕೆ ಕಡಿಮೆ. ಕಾಮೇಗೌಡರು ಹೊಸ ಅಭ್ಯಾಸಕ್ಕೆಂದು ಬೇರೆ ಹೊತ್ತು ಹುಡುಕಲಿಲ್ಲ. ಕುರಿಗಳು ಹೇಗೂ ಅವರನ್ನು ದಿನಾ ಬೆಟ್ಟಕ್ಕೆ ಕರೆದೊಯ್ಯುತ್ತಿದ್ದವು. ಮಾಡಲೇಬೇಕಾದ ಕೆಲಸದ ಬೆನ್ನಿಗೆ ಮಾಡಬೇಕೆನಿಸಿದ ಕೆಲಸವನ್ನು ಕಟ್ಟಿದರು. ಹಾಗಾಗಿಯೇ ಅದು ನಾಲ್ಕು ದಶಕ ಬಾಳಿತು.

ಬೆಂಗಳೂರಿನಿಂದ ಬರುವವರು ಮಳವಳ್ಳಿಗೆ ತಿರುಗುವ ಮದ್ದೂರಿನಲ್ಲೂ ದಿನದ ಕೆಲಸಕ್ಕೆ ಕಟ್ಟಿಕೊಂಡ ಇಂಥದೇ ಹಟವಿದೆ. 1917ರಲ್ಲಿ ರಾಮಚಂದ್ರ ಬುಧ್ಯ ಅವರು ರೈಲು ಪ್ರಯಾಣಿಕರಿಗೆಂದು ಶುರು ಮಾಡಿದ ವಡೆ ಇಂದಿಗೂ ಅದೇ ರವೆ, ಅಕ್ಕಿಹಿಟ್ಟು, ಮೈದಾ, ಈರುಳ್ಳಿಯದು. ರೈಲಿನ ವೇಳೆಗೆ ಬಾಣಲೆ ಕಾದಿರಲೇಬೇಕು ಎಂಬ ಶಿಸ್ತು ಒಂದು ಊರಿಗೇ ಹೆಸರು ತಂದಿತು.

ಮಂಡ್ಯ ಜಿಲ್ಲೆ ಎಂದರೆ ನಮಗೆ ಕಾಣುವುದು ನಾಲೆ, ಕಬ್ಬು, ಭತ್ತ. ಆದರೆ ನಾಲೆಯ ನೀರು ಬೆಟ್ಟ ಹತ್ತುವುದಿಲ್ಲ. ನಾಲೆ ಮುಟ್ಟದ ಎತ್ತರದ ಕುರಿ, ನವಿಲು, ಹಕ್ಕಿಗಳಿಗೆ ಇರುವುದು ಬಿದ್ದ ಮಳೆಯೊಂದೇ.

ಆ ಮಳೆಯೇ ಕಟ್ಟೆಗೆ ಹೂಳನ್ನೂ ತರುತ್ತದೆ. ಇಳಿಜಾರಿನ ಕಟ್ಟೆಯನ್ನು ಕೆಲವು ವರ್ಷ ಹಾಗೇ ಬಿಟ್ಟರೆ ಅದು ಮತ್ತೆ ನೆಲವಾಗುತ್ತದೆ. ಅಗೆದವರು ಈಗಿಲ್ಲ. ಪ್ರತಿಮೆ, ಸ್ಮಾರಕದ ಮಾತು ಆಮೇಲೆ ಇರಲಿ. ಮಂಡ್ಯ, ಮದ್ದೂರು, ಮಳವಳ್ಳಿಯ ಕಾಲೇಜುಗಳು ತಮ್ಮ ಎನ್‌ಎಸ್‌ಎಸ್ ಶಿಬಿರಗಳಲ್ಲಿ ಒಂದನ್ನು ಪ್ರತಿ ಬೇಸಿಗೆ, ಕಟ್ಟೆಗಳ ತಳ ಕಾಣುವ ಹೊತ್ತಿಗೆ, ದಾಸನದೊಡ್ಡಿಯಲ್ಲೇ ನಡೆಸಲಿ. ಗ್ರಾಮ ಪಂಚಾಯಿತಿ ಮುಂಗಾರಿಗೆ ಮೊದಲು ಹೂಳೆತ್ತುವುದನ್ನು ವರ್ಷದ ಕೆಲಸಗಳ ಪಟ್ಟಿಗೆ ಸೇರಿಸಲಿ. ಆ ಕಡೆ ಹೋಗುವವರು ಸೆಲ್ಫಿಗೆ ಮುಂಚೆ ನಾಲ್ಕು ಮಂಕರಿ ಹೂಳು ಎತ್ತಿ ಬನ್ನಿ.