ವೈದ್ಯದಲ್ಲಿ ಪ್ರಮಾಣಸಂಗ್ರಹವೂ ವ್ಯಯಫಲವಿಚಾರವೂ

ಒಂದು ಔಷಧವು ಗುಣಕಾರಿಯೆಂದು ಹೇಳುವುದು ಸುಲಭ. ಹಾಗೆಂದು ಸಾಧಿಸಿ ತೋರಿಸುವುದು ಕಷ್ಟ. ಸಾಧಿತವಾದುದನ್ನು ಎಲ್ಲ ವೈದ್ಯರೂ ಅರಿತು ಆಚರಿಸುವಂತೆ ಮಾಡುವುದು ಮತ್ತೂ ಕಷ್ಟ. ಔಷಧವನ್ನು ಸೇವಿಸಿದ ರೋಗಿಯು ಚೇತರಿಸಿಕೊಂಡನೆಂಬಷ್ಟರಿಂದಲೇ ಆ ಔಷಧವು ಚೇತರಿಕೆಗೆ ಕಾರಣವೆಂದು ನಿಶ್ಚಯಿಸಲಾಗದು. ತಮಗೆ ತಾವೇ ಶಮನವಾಗುವ ರೋಗಗಳು ಎಷ್ಟೋ ಉಂಟು. ಕಾಕತಾಳೀಯವಾದುದನ್ನು ಕಾರ್ಯಕಾರಣಸಂಬಂಧವುಳ್ಳದ್ದರಿಂದ ಬೇರ್ಪಡಿಸುವುದಕ್ಕಾಗಿಯೇ ಇಪ್ಪತ್ತನೆಯ ಶತಮಾನದಲ್ಲಿ ಒಂದು ಪರೀಕ್ಷಾಕ್ರಮವು ಏರ್ಪಟ್ಟಿತು. ಒಂದೇ ಬಗೆಯ ರೋಗಿಗಳನ್ನು ಚೀಟಿಯೆತ್ತಿದಂತೆ ಎರಡು ಪಂಗಡಗಳಾಗಿ ಹಂಚಿ, ಒಂದಕ್ಕೆ ಔಷಧವನ್ನು ಕೊಟ್ಟು, ಇನ್ನೊಂದಕ್ಕೆ ಕೊಡದೆ, ಎರಡರ ಫಲವನ್ನೂ ಎಣಿಸಿ ಹೋಲಿಸುವುದೇ ಆ ಕ್ರಮ. ಹಂಚಿಕೆಯು ವೈದ್ಯನ ಇಚ್ಛೆಗೆ ಒಳಪಡದಿರುವುದರಿಂದ ಅಲ್ಲಿ ಪಕ್ಷಪಾತಕ್ಕೆ ಎಡೆ ಕಡಿಮೆ. ಇದಕ್ಕೆ ಯಾದೃಚ್ಛಿಕ ಪರೀಕ್ಷೆಯೆಂದು ಹೆಸರು.

ಆದರೆ ಪರೀಕ್ಷೆಯಿಂದಲೇ ಕೆಲಸವು ಮುಗಿಯುವುದಿಲ್ಲ. ಇಂತಹ ಪರೀಕ್ಷೆಗಳು ನಾನಾ ದೇಶಗಳಲ್ಲಿ ನಡೆದು, ನಾನಾ ಪತ್ರಿಕೆಗಳಲ್ಲಿ ಚದುರಿಹೋಗಿರುತ್ತವೆ. ಒಂದು ಹೌದೆಂದರೆ ಇನ್ನೊಂದು ಸಂದೇಹವೆನ್ನುತ್ತದೆ. ಅವೆಲ್ಲವನ್ನೂ ನಿಯಮಪೂರ್ವಕವಾಗಿ ಕೂಡಿಸಿ ತೂಗಿನೋಡುವುದಕ್ಕೆ ಕ್ರಮಬದ್ಧ ಸಮೀಕ್ಷೆಯೆಂದೂ, ಹೀಗೆ ನಿಶ್ಚಿತವಾದ ಫಲವು ಅದಕ್ಕಾಗುವ ವೆಚ್ಚಕ್ಕೆ ತಕ್ಕುದೇ ಎಂದು ವಿಚಾರಿಸುವುದಕ್ಕೆ ವ್ಯಯಫಲವಿಚಾರವೆಂದೂ ಹೇಳಬಹುದು. ಈ ಎರಡರ ಬಲವೂ ಮಿತಿಯೂ ಒಂದೇ ಔಷಧದ ಚರಿತ್ರೆಯಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ದಿನ ತುಂಬುವ ಮೊದಲೇ ಹೆರಿಗೆಯಾಗುವ ಸೂಚನೆಯುಳ್ಳ ಗರ್ಭಿಣಿಯರಿಗೆ ಕೊಡುವ ಕಾರ್ಟಿಕೋಸ್ಟೀರಾಯ್ಡ್ ಎಂಬುದೇ ಆ ಔಷಧ. ಅದರ ಚರಿತ್ರೆಯ ಒಂದು ಮುಖ್ಯ ಘಟ್ಟವು ಬೆಳಗಾವಿಯ ಕಡೆಯಲ್ಲಿಯೂ ನಡೆದುದರಿಂದ ಕನ್ನಡಿಗರಿಗೆ ಇದು ದೂರದ ಮಾತಲ್ಲ.

೧. ಆಕ್ಲೆಂಡಿನ ಪರೀಕ್ಷೆ

ದಿನ ತುಂಬದೆ ಹುಟ್ಟಿದ ಶಿಶುವಿಗೆ ಒದಗುವ ಮುಖ್ಯ ಗಂಡಾಂತರವು ಉಸಿರಿನದು. ಶ್ವಾಸಕೋಶವು ಲೆಕ್ಕವಿಲ್ಲದಷ್ಟು ಸಣ್ಣ ಗಾಳಿಗೂಡುಗಳಿಂದಾದುದು. ಉಸಿರು ಹೊರಬಿದ್ದಾಗ ಈ ಗೂಡುಗಳು ಮುಚ್ಚಿಕೊಳ್ಳದಂತೆ ತಡೆಯಲು ಅವುಗಳ ಒಳಮೈಯಲ್ಲಿ ಸರ್ಫ್ಯಾಕ್ಟಂಟ್ ಎಂಬ ಜಿಡ್ಡಿನ ಲೇಪವು ಇರಬೇಕು. ಗರ್ಭದ ಕೊನೆಯ ವಾರಗಳಲ್ಲಿ ಮಾತ್ರವೇ ಈ ಲೇಪವು ಸಾಕಷ್ಟು ಸಿದ್ಧವಾಗುವುದರಿಂದ, ಬೇಗ ಹುಟ್ಟಿದ ಕೂಸು ಪ್ರತಿಯೊಂದು ಉಸಿರಿಗೂ ಹೆಣಗಿ, ಬಳಲಿ ಸಾಯುವುದುಂಟು.

ನ್ಯೂಜಿಲೆಂಡಿನ ಆಕ್ಲೆಂಡ್ ನಗರದ ಪ್ರಸೂತಿತಜ್ಞರಾದ ಲಿಗ್ಗಿನ್ಸ್ ಎಂಬವರು ಕುರಿಗಳ ಮೇಲೆ ಪ್ರಯೋಗಗಳನ್ನು ನಡೆಸುತ್ತಿದ್ದಾಗ, ಗರ್ಭದಲ್ಲಿ ಸ್ಟೀರಾಯ್ಡನ್ನು ಪಡೆದು ಬಹು ಮುಂಚೆ ಹುಟ್ಟಿದ ಮರಿಗಳು ನಿರೀಕ್ಷೆಗೆ ಮೀರಿ ಉಸಿರಾಡಿದುದನ್ನು ಕಂಡು, ೧೯೬೯ರಲ್ಲಿ ಪ್ರಕಟಿಸಿದರು. ಅನಂತರ ಶಿಶುವೈದ್ಯರಾದ ಹೋವಿ ಎಂಬವರೊಡನೆ ಕೂಡಿ, ೨೮೨ ಮಂದಿ ಗರ್ಭಿಣಿಯರಲ್ಲಿ ಬೀಟಾಮೆಥಸೋನ್ ಎಂಬ ಸ್ಟೀರಾಯ್ಡನ್ನು ಪರೀಕ್ಷಿಸಿ ೧೯೭೨ರಲ್ಲಿ ಫಲಿತಾಂಶವನ್ನು ಹೊರಗಿಟ್ಟರು. ಅಕಾಲದಲ್ಲಿ ತಾನಾಗಿ ನೋವು ಪ್ರಾರಂಭವಾದವರ ಶಿಶುಗಳ ಪೈಕಿ, ಔಷಧವಿಲ್ಲದ ಪಂಗಡದಲ್ಲಿ ನೂರಕ್ಕೆ ೧೫ರಷ್ಟು ಶಿಶುಗಳು ಮೊದಲ ದಿನಗಳಲ್ಲಿಯೇ ತೀರಿಕೊಂಡರೆ, ಔಷಧ ಪಡೆದ ಪಂಗಡದಲ್ಲಿ ತೀರಿಕೊಂಡವು ನೂರಕ್ಕೆ ೩.೨ ಮಾತ್ರ.

ಇಷ್ಟಾದರೂ ಬಹುಮಂದಿ ಪ್ರಸೂತಿವೈದ್ಯರು ಸುಮಾರು ಇಪ್ಪತ್ತು ವರ್ಷಗಳವರೆಗೆ ಈ ಚಿಕಿತ್ಸೆಯನ್ನು ಕೈಗೊಳ್ಳಲಿಲ್ಲ. ಅವರದು ಕೇವಲ ಉದಾಸೀನವೆನ್ನುವಂತಿಲ್ಲ. ಮುಂದೆ ಬೇರೆಡೆ ನಡೆದ ಪರೀಕ್ಷೆಗಳು ಹೆಚ್ಚಾಗಿ ಚಿಕ್ಕವು. ಎರಡು ಪಂಗಡಗಳಲ್ಲಿ ಐವತ್ತೈವತ್ತು ಶಿಶುಗಳಿದ್ದು, ಒಂದರಲ್ಲಿ ಎಂಟೂ ಇನ್ನೊಂದರಲ್ಲಿ ಐದೂ ಸತ್ತರೆ, ಆ ಮೂರರ ಅಂತರವು ಔಷಧದ ಗುಣವೋ ಅದೃಷ್ಟದ ಆಟವೋ ಹೇಳಲಾಗದು. ಹೀಗೆ ಬಿಡಿಬಿಡಿಯಾಗಿ ಓದಿದವರಿಗೆ ಸಂದೇಹವೇ ಉಳಿಯಿತು. ಎಲ್ಲವನ್ನೂ ಕೂಡಿಸಿದವರಿಗೆ ಕಂಡುದು ಬೇರೆ: ಅಕಾಲಜನನದ ತೊಡಕುಗಳಿಂದ ಶಿಶುಗಳು ಸಾಯುವ ಸಂಭವವನ್ನು ಈ ಔಷಧವು ನೂರಕ್ಕೆ ೩೦ರಿಂದ ೫೦ರಷ್ಟು ಇಳಿಸುತ್ತದೆ. ಆದರೆ ಇಂತಹ ಸಮೀಕ್ಷೆಯು ಪ್ರಕಟವಾದುದು ೧೯೮೯ರಲ್ಲಿ. ಅದಕ್ಕೆ ಬೇಕಾದ ಸಾಮಗ್ರಿಯು ಹಲವು ವರ್ಷಗಳ ಹಿಂದೆಯೇ ಅಚ್ಚಾಗಿ ಗ್ರಂಥಾಲಯಗಳಲ್ಲಿ ಬಿದ್ದಿತ್ತು. ಕೂಡಿಸುವವರಿಲ್ಲದೆ ಕಳೆದ ಆ ವರ್ಷಗಳಲ್ಲಿ ಉಳಿಯಬಹುದಾಗಿದ್ದ ಕೂಸುಗಳು ಎಷ್ಟೋ ಸಾವಿರ ಸತ್ತಿರಬೇಕು.

೨. ಸಂಗ್ರಹದ ಕ್ರಮ

ಆಕ್ಲೆಂಡಿನ ಫಲಿತಾಂಶವು ಹೊರಬಿದ್ದ ೧೯೭೨ರಲ್ಲಿಯೇ ಆರ್ಚಿಬಾಲ್ಡ್ ಕಾಕ್ರೇನ್ ಎಂಬ ಬ್ರಿಟಿಷ್ ವೈದ್ಯರು ಚಿಕಿತ್ಸೆಯ ಫಲವನ್ನೂ ದಕ್ಷತೆಯನ್ನೂ ಕುರಿತು ಒಂದು ಸಣ್ಣ ಪುಸ್ತಕವನ್ನು ಪ್ರಕಟಿಸಿದರು. ರಾಷ್ಟ್ರದ ಹಣವು ಮಿತವಾದುದರಿಂದ, ಗುಣಕಾರಿಯೆಂದು ಪರೀಕ್ಷೆಯಿಂದ ಸಿದ್ಧವಾದ ಚಿಕಿತ್ಸೆಗಳಿಗೇ ಅದನ್ನು ವಿನಿಯೋಗಿಸಬೇಕೆಂಬುದು ಅದರ ಸಾರ. ತನ್ನ ಪರೀಕ್ಷೆಗಳನ್ನೆಲ್ಲ ವಿಭಾಗಕ್ರಮದಲ್ಲಿ ಸಂಗ್ರಹಿಸಿ ಕಾಲಕಾಲಕ್ಕೆ ಪರಿಷ್ಕರಿಸುವ ಏರ್ಪಾಡು ವೈದ್ಯವೃತ್ತಿಗೆ ಇಲ್ಲವೆಂದು ೧೯೭೯ರಲ್ಲಿ ಅವರು ಆಕ್ಷೇಪಿಸಿದರು. ಪ್ರಸೂತಿವಿಭಾಗದಲ್ಲಿ ಈ ಕೊರತೆಯನ್ನು ತುಂಬಲು ಆಕ್ಸ್‌ಫರ್ಡಿನ ಇಯಾನ್ ಚಾಮರ್ಸ್ ಮುಂತಾದವರು ಶ್ರಮಿಸಿದರು. ೧೯೯೨ರಲ್ಲಿ ಆಕ್ಸ್‌ಫರ್ಡಿನಲ್ಲಿ ಕಾಕ್ರೇನರ ಹೆಸರಿನ ಕೇಂದ್ರವೂ, ೧೯೯೩ರಲ್ಲಿ ಅಂತರರಾಷ್ಟ್ರೀಯ ಸಹಕಾರಸಂಸ್ಥೆಯೂ ಸ್ಥಾಪಿತವಾದುವು. ಈ ಸ್ಟೀರಾಯ್ಡ್ ಪರೀಕ್ಷೆಗಳಲ್ಲಿ ಏಳರ ಫಲವನ್ನು ತೋರಿಸುವ ಅಡ್ಡಗೆರೆಗಳೇ ಆ ಸಂಸ್ಥೆಯ ಲಾಂಛನವಾಗಿವೆ.

ಕ್ರಮಬದ್ಧ ಸಮೀಕ್ಷೆಯ ರೀತಿಯು ಪ್ರಾಚೀನ ಕಾವ್ಯಗಳ ಸಂಪಾದನೆಯನ್ನು ಬಲ್ಲವರಿಗೆ ಅಪರಿಚಿತವೆನಿಸದು. ಕೈಗೆ ಸಿಕ್ಕಿದ ಒಂದು ಓಲೆಪ್ರತಿಯನ್ನು ನಂಬಿ ಅಚ್ಚುಹಾಕಿಸುವುದು ಸಂಪಾದನೆಯಲ್ಲ. ದೊರೆಯಬಹುದಾದ ಪ್ರತಿಗಳನ್ನೆಲ್ಲ ಹುಡುಕಿ ತರಿಸಿ, ಒಂದೊಂದರ ಯೋಗ್ಯತೆಯನ್ನು ನಿರ್ಣಯಿಸಿ, ಪಾಠಭೇದಗಳನ್ನು ತೋರಿಸಬೇಕು. ಸಮೀಕ್ಷಕನೂ ಹಾಗೆಯೇ. ಪ್ರಶ್ನೆಯಾವುದು, ಎಂತಹ ಪರೀಕ್ಷೆಗಳು ಗ್ರಾಹ್ಯ, ಎಂತಹವು ತ್ಯಾಜ್ಯ ಎಂಬುದನ್ನು ಹುಡುಕುವುದಕ್ಕೆ ಮುಂಚೆಯೇ ಬರೆದಿಡುತ್ತಾನೆ. ಒಂದೇ ಮಾತೃಕೆಯಿಂದ ಇಳಿದ ನಾಲ್ಕು ಪ್ರತಿಗಳು ನಾಲ್ಕು ಸಾಕ್ಷಿಗಳಾಗವು. ಒಂದೇ ಪರೀಕ್ಷೆಯನ್ನು ಕುರಿತ ನಾಲ್ಕು ಲೇಖನಗಳೂ ಒಂದೇ ಎಣಿಕೆಗೆ ಸೇರತಕ್ಕವು. ಆಮೇಲೆ ಪ್ರತಿಯೊಂದರ ಫಲವನ್ನೂ ಅದರ ಗಾತ್ರಕ್ಕೂ ನಿಷ್ಕೃಷ್ಟತೆಗೂ ತಕ್ಕ ತೂಕವನ್ನಿತ್ತು ಸಂಖ್ಯಾಶಾಸ್ತ್ರದ ರೀತಿಯಲ್ಲಿ ಕೂಡಿಸಲಾಗುತ್ತದೆ. ಒಂದು ವ್ಯತ್ಯಾಸವುಂಟು. ಓಲೆಪ್ರತಿಗಳು ಹುಳು ಹಿಡಿದೋ ಗೆದ್ದಲು ತಿಂದೋ ನಷ್ಟವಾಗುತ್ತವೆ. ಪರೀಕ್ಷೆಗಳಲ್ಲಿ ಮರೆಯಾಗುವುವು ಹೆಚ್ಚಾಗಿ ಔಷಧಕ್ಕೆ ಪ್ರತಿಕೂಲವಾದುವು, ಏಕೆಂದರೆ ಅಂತಹವನ್ನು ಪ್ರಕಟಿಸುವ ಉತ್ಸಾಹವು ಕಡಿಮೆ. ಆದಕಾರಣ ಅಚ್ಚಾಗದ ಪರೀಕ್ಷೆಗಳನ್ನು ಅರಸುವುದು ಸಮೀಕ್ಷಕನ ಕರ್ತವ್ಯಗಳಲ್ಲಿ ಮುಖ್ಯವಾದುದು.

೩. ವೆಚ್ಚದ ಲೆಕ್ಕ

ಫಲವು ನಿಶ್ಚಿತವಾದ ಮೇಲೆ ವೆಚ್ಚದ ಪ್ರಶ್ನೆಯು ಬರುತ್ತದೆ. ಜೀವಕ್ಕೆ ಬೆಲೆಕಟ್ಟುವುದು ಅನುಚಿತವೆಂದು ಮೇಲುನೋಟಕ್ಕೆ ತೋರಬಹುದು. ಆದರೆ ಒಂದು ಆಸ್ಪತ್ರೆಯ ಹಣವು ಒಂದು ಚಿಕಿತ್ಸೆಗೆ ಹೋದರೆ ಮತ್ತೊಂದಕ್ಕೆ ಉಳಿಯುವುದಿಲ್ಲ. ಲೆಕ್ಕವಿಡದಿದ್ದರೆ ಈ ಆಯ್ಕೆಯು ತಪ್ಪುವುದಿಲ್ಲ, ಕಣ್ಮರೆಯಾಗುತ್ತದೆ ಅಷ್ಟೆ. ನಾನಾ ರೋಗಗಳ ಚಿಕಿತ್ಸೆಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದಕ್ಕೆ ಸ್ವಾಸ್ಥ್ಯವರ್ಷವೆಂಬ ಮಾನವನ್ನು ಕಲ್ಪಿಸಲಾಗಿದೆ. ಪೂರ್ಣ ಆರೋಗ್ಯದಿಂದ ಬಾಳಿದ ಒಂದು ವರ್ಷವು ಒಂದು. ರೋಗದಿಂದ ಕುಂದಿದ ವರ್ಷವು ಅದಕ್ಕೆ ತಕ್ಕಷ್ಟು ಕಡಿಮೆ. ಹಳೆಯ ಚಿಕಿತ್ಸೆಗಿಂತ ಹೊಸದಕ್ಕೆ ಹೆಚ್ಚಾಗಿ ತಗಲುವ ಹಣವನ್ನು ಅದರಿಂದ ಹೆಚ್ಚಾಗಿ ದೊರೆಯುವ ಸ್ವಾಸ್ಥ್ಯವರ್ಷಗಳಿಂದ ಭಾಗಿಸಿದರೆ, ಒಂದು ವರ್ಷದ ಬೆಲೆಯು ಬರುತ್ತದೆ. ಇಂಗ್ಲೆಂಡಿನಲ್ಲಿ ೧೯೯೯ರಲ್ಲಿ ಸ್ಥಾಪಿತವಾದ ನೈಸ್ ಎಂಬ ಸಂಸ್ಥೆಯು ಅನೇಕ ವರ್ಷಗಳ ಕಾಲ ೨೦,೦೦೦ದಿಂದ ೩೦,೦೦೦ ಪೌಂಡುಗಳನ್ನು ಇದಕ್ಕೆ ಮೇರೆಯಾಗಿಟ್ಟುಕೊಂಡಿತ್ತು. ಭಾರತದಲ್ಲಿಯೂ ೨೦೧೭ರಲ್ಲಿ ಆರೋಗ್ಯ ಸಂಶೋಧನಾ ಇಲಾಖೆಯ ಅಡಿಯಲ್ಲಿ ಇಂತಹ ವಿಚಾರಕ್ಕಾಗಿ ಏರ್ಪಾಡಾಯಿತು. ಕುಂದಿದ ವರ್ಷದ ಬೆಲೆಯನ್ನು ಕಟ್ಟುವವರು ಯಾರು, ಉಳಿದ ವರ್ಷಗಳು ಬಡವರ ಪಾಲಿಗೆ ಬಂದುವೇ ಎಂಬ ಆಕ್ಷೇಪಗಳಿಗೆ ಈ ಲೆಕ್ಕವು ತಾನಾಗಿ ಉತ್ತರಕೊಡಲಾರದು.

ಸ್ಟೀರಾಯ್ಡಿನ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವುಂಟು. ಹುಟ್ಟಿದ ದಿನವೇ ಸತ್ತ ಶಿಶುವಿಗೆ ಆಸ್ಪತ್ರೆಯ ವೆಚ್ಚವು ಅತ್ಯಲ್ಪ. ಉಳಿದ ಶಿಶುವಿಗೆ ವಾರಗಟ್ಟಲೆ ಆರೈಕೆ ಬೇಕು. ಆದುದರಿಂದ ಒಳ್ಳೆಯ ಔಷಧವು ಆಸ್ಪತ್ರೆಯ ಒಟ್ಟು ವೆಚ್ಚವನ್ನು ಏರಿಸಬಹುದು. ಒಟ್ಟು ಮೊತ್ತವನ್ನು ಮಾತ್ರ ನೋಡುವವನಿಗೆ ಸಾವು ಲಾಭವಾಗಿ ಕಾಣುತ್ತದೆ. ಉಳಿದ ಜೀವಗಳಿಂದ ವೆಚ್ಚವನ್ನು ಭಾಗಿಸಿ ನೋಡುವುದರ ಅವಶ್ಯಕತೆಯು ಇಲ್ಲಿಯೇ ಇರುವುದು.

೪. ಬೆಳಗಾವಿಯ ಪಾಠ

ಡೆಕ್ಸಾಮೆಥಸೋನ್ ಎಂಬ ಇದೇ ಜಾತಿಯ ಔಷಧವು ಹಳೆಯದು, ಸುಲಭಬೆಲೆಯದು, ಸೂಜಿಯಿಂದ ಕೊಡತಕ್ಕದ್ದು. ಇಂತಹದನ್ನು ಹಳ್ಳಿಹಳ್ಳಿಗೂ ಒಯ್ದರೆ ಅಲ್ಪವ್ಯಯದಿಂದ ಅನೇಕ ಜೀವಗಳು ಉಳಿಯುವುವೆಂಬ ಆಸೆ ಹುಟ್ಟಿದುದು ಸಹಜವೇ. ಭಾರತ ಸರ್ಕಾರದ ಆರೋಗ್ಯ ಮಂತ್ರಾಲಯವು ೨೦೧೪ರಲ್ಲಿ, ಗರ್ಭಿಣಿಯನ್ನು ದೊಡ್ಡ ಆಸ್ಪತ್ರೆಗೆ ಕಳುಹಿಸುವ ಮುನ್ನ ಮೊದಲ ಸೂಜಿಯನ್ನು ಹಾಕಲು ಗ್ರಾಮದ ದಾದಿಯರಿಗೂ ಅನುಮತಿಯಿತ್ತಿತು. ಆದರೆ ಅದುವರೆಗಿನ ಪರೀಕ್ಷೆಗಳು ಬಹುಮಟ್ಟಿಗೆ ಶ್ರೀಮಂತ ದೇಶಗಳ ಸುಸಜ್ಜಿತ ಆಸ್ಪತ್ರೆಗಳಲ್ಲಿ ನಡೆದವು.

ಅದೇ ವರ್ಷ ಅರ್ಜೆಂಟೀನ, ಗ್ವಾಟೆಮಾಲ, ಕೀನ್ಯ, ಪಾಕಿಸ್ತಾನ, ಜಾಂಬಿಯ ಮತ್ತು ಭಾರತಗಳಲ್ಲಿ ನಡೆದ ಒಂದು ದೊಡ್ಡ ಪರೀಕ್ಷೆಯ ಫಲಿತಾಂಶವು ಹೊರಬಿದ್ದಿತು. ಭಾರತದಲ್ಲಿ ಅದಕ್ಕೆ ಒಳಪಟ್ಟುವು ಬೆಳಗಾವಿ ಮತ್ತು ನಾಗಪುರಗಳ ಪ್ರದೇಶಗಳು. ಇಲ್ಲಿ ಚೀಟಿಯೆತ್ತಿದಂತೆ ಹಂಚಿದುದು ವ್ಯಕ್ತಿಗಳನ್ನಲ್ಲ, ಊರುಗಳ ಗುಂಪುಗಳನ್ನು. ಎರಡು ಪಂಗಡಗಳಲ್ಲಿಯೂ ಸೇರಿ ಸುಮಾರು ಒಂದು ಲಕ್ಷ ಶಿಶುಗಳು ಹುಟ್ಟಿದುವು. ತೀರ ಚಿಕ್ಕ ಶಿಶುಗಳ ಮರಣದಲ್ಲಿ ಗಣನೀಯವಾದ ವ್ಯತ್ಯಾಸವು ಕಾಣಲಿಲ್ಲ. ಎಲ್ಲ ಶಿಶುಗಳನ್ನೂ ಸೇರಿಸಿ ನೋಡಿದಾಗ, ಔಷಧವನ್ನು ಹಂಚದ ಊರುಗಳಲ್ಲಿ ಸಾವಿರಕ್ಕೆ ೨೩.೯ ಶಿಶುಗಳು ೨೮ ದಿನಗಳೊಳಗೆ ಸತ್ತರೆ, ಹಂಚಿದ ಊರುಗಳಲ್ಲಿ ಸತ್ತವು ಸಾವಿರಕ್ಕೆ ೨೭.೪. ತಾಯಂದಿರಲ್ಲಿ ಸೋಂಕಿನ ಶಂಕೆಯೂ ಹೆಚ್ಚಿತು.

ಇದಕ್ಕೆ ಕಾರಣವು ಇದಮಿತ್ಥಮೆಂದು ನಿರ್ಣಯವಾಗಿಲ್ಲ. ಆದರೂ ಒಂದು ಸಂಗತಿಯು ಸ್ಪಷ್ಟ. ಗರ್ಭದ ವಾರಗಳನ್ನು ನಿಷ್ಕೃಷ್ಟವಾಗಿ ತಿಳಿಯುವ ಸಾಧನವು ಅಲ್ಲಿ ಬಹಳ ಕಡೆ ಇರಲಿಲ್ಲ. ಹೊಟ್ಟೆಯ ಅಳತೆಯೇ ಎಷ್ಟೋ ವೇಳೆ ಆಧಾರ. ಔಷಧ ಪಡೆದ ತಾಯಂದಿರಲ್ಲಿ ಬಹುಮಂದಿಗೆ ಹುಟ್ಟಿದವು ತೀರ ಚಿಕ್ಕ ಶಿಶುಗಳಲ್ಲ. ಎಂದರೆ ಔಷಧವು ಅನವಶ್ಯಕವಾದವರಿಗೂ ಅದು ಸಂದಿತ್ತು. ಬೆಂಕಿಯಿದ್ದಲ್ಲೆಲ್ಲ ಹೊಗೆಯಿಲ್ಲ, ಹಸಿ ಸೌದೆಯು ಸೇರಿದಲ್ಲಿ ಮಾತ್ರ ಹೊಗೆಯುಂಟು. ನೈಯಾಯಿಕರು ಇದನ್ನು ಉಪಾಧಿಯೆನ್ನುವರು. ಆಸ್ಪತ್ರೆಯ ಪರೀಕ್ಷೆಗಳಲ್ಲಿ ಸ್ಟೀರಾಯ್ಡಿನೊಡನೆ ಸದ್ದಿಲ್ಲದೆ ಸೇರಿಕೊಂಡಿದ್ದ ಉಪಾಧಿಗಳು ವಾರದ ನಿಶ್ಚಯವೂ ಶಿಶುವಿನ ಆರೈಕೆಯೂ ಆಗಿದ್ದುವು. ೨೦೧೫ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಇವನ್ನು ಬಾಯಿಬಿಟ್ಟು ಹೇಳಿತು: ಗರ್ಭದ ವಯಸ್ಸು ನಿಶ್ಚಿತವಾಗಿರಬೇಕು, ತಾಯಿಯಲ್ಲಿ ಸೋಂಕಿರಬಾರದು, ಹೆರಿಗೆಗೂ ಶಿಶುವಿಗೂ ತಕ್ಕ ಆರೈಕೆಯಿರಬೇಕು.

ಹಾಗಾದರೆ ಬಡದೇಶಗಳಿಗೆ ಈ ಔಷಧವೇ ಸಲ್ಲದೇ ಎಂಬ ಪ್ರಶ್ನೆಗೆ ೨೦೨೦ರಲ್ಲಿ ಉತ್ತರವು ದೊರೆಯಿತು. ಅದೇ ಸಂಸ್ಥೆಯು ಬಾಂಗ್ಲಾದೇಶ, ಭಾರತ, ಕೀನ್ಯ, ನೈಜೀರಿಯ, ಪಾಕಿಸ್ತಾನಗಳ ೨೯ ಆಸ್ಪತ್ರೆಗಳಲ್ಲಿ, ಅಲ್ಟ್ರಾಸೌಂಡಿನಿಂದ ಗರ್ಭದ ವಾರಗಳನ್ನು ಗೊತ್ತುಮಾಡಿಕೊಂಡು, ೨೬ ವಾರ ತುಂಬಿ ೩೪ ತುಂಬದಿದ್ದ ೨,೮೫೨ ಗರ್ಭಿಣಿಯರಲ್ಲಿ ಡೆಕ್ಸಾಮೆಥಸೋನನ್ನು ಪರೀಕ್ಷಿಸಿತು. ಔಷಧವಿಲ್ಲದ ಪಂಗಡದಲ್ಲಿ ನೂರಕ್ಕೆ ೨೩.೫ ಶಿಶುಗಳೂ, ಔಷಧ ಪಡೆದ ಪಂಗಡದಲ್ಲಿ ೧೯.೬ ಶಿಶುಗಳೂ ತೀರಿಕೊಂಡುವು. ಸುಮಾರು ಇಪ್ಪತ್ತೈದು ಮಂದಿ ತಾಯಂದಿರಿಗೆ ಕೊಟ್ಟರೆ ಒಂದು ಜೀವವು ಉಳಿಯುತ್ತದೆಂದಾಯಿತು.

೫. ಉಪಸಂಹಾರ

ಮೇಲಣ ಚರಿತ್ರೆಯಿಂದ ಎರಡು ವಿಷಯಗಳು ಸಿದ್ಧವಾಗುತ್ತವೆ. ಮೊದಲನೆಯದು, ಸಂಗ್ರಹಿಸದ ಪ್ರಮಾಣವು ಇಲ್ಲದ ಪ್ರಮಾಣಕ್ಕೆ ಸಮ. ೧೯೭೨ರಿಂದ ೧೯೮೯ರವರೆಗಿನ ಕಾಲವು ಇದಕ್ಕೆ ಸಾಕ್ಷಿ. ಎರಡನೆಯದು, ಸಂಗ್ರಹದ ತೀರ್ಪು ಸಂಗೃಹೀತವಾದ ಪರೀಕ್ಷೆಗಳು ನಡೆದ ಸ್ಥಳಸಂದರ್ಭಗಳಿಗೆ ಕಟ್ಟುಬಿದ್ದುದು. ಆ ಕಟ್ಟನ್ನು ಬಿಚ್ಚಿ ಬೇರೆಡೆಗೆ ಒಯ್ಯುವಾಗ ಮತ್ತೆ ಪರೀಕ್ಷಿಸಲೇಬೇಕು. ವೆಚ್ಚದ ಲೆಕ್ಕಕ್ಕೂ ಇದೇ ನ್ಯಾಯ. ಸೂಜಿಯ ಬೆಲೆಯು ಔಷಧದ ಬೆಲೆಯೇ ಹೊರತು ಫಲದ ಬೆಲೆಯಲ್ಲ. ಫಲದ ಬೆಲೆಯಲ್ಲಿ ವಾರಗಳನ್ನು ಗೊತ್ತುಮಾಡುವ ಯಂತ್ರ, ಅದನ್ನು ಬಲ್ಲ ಕೈ, ಸೋಂಕನ್ನು ಗುರುತಿಸುವ ದಾದಿ, ಕೂಸನ್ನು ಬೆಚ್ಚಗಿಟ್ಟು ಕಾಯುವ ಮನೆ ಇವೆಲ್ಲವೂ ಸೇರಿವೆ. ಇವು ಇರುವಲ್ಲಿ ಈ ಔಷಧದಷ್ಟು ಅಲ್ಪವ್ಯಯದಿಂದ ಜೀವವನ್ನು ಉಳಿಸುವ ಉಪಾಯಗಳು ಕೆಲವೇ; ಇವು ಇಲ್ಲದಲ್ಲಿ ಅದನ್ನು ಬಿಟ್ಟಿಯಾಗಿ ಹಂಚಿದರೂ ತೆರಬೇಕಾಗುವ ಬೆಲೆಯು ಹೆಚ್ಚಾಗಬಹುದು.