ವೈಡ್‌ಕಂಬ್: ಗೋಮಾಳ ನಂಬಿದ ಊರು

ಹ್ಯಾಮೆಲ್‌ಡೌನ್ ದಿಣ್ಣೆಯಿಂದ ಕೆಳಗೆ ಕಣ್ಣು ಹಾಯಿಸಿದರೆ ಮೊದಲು ಕಾಣುವುದು ಇಗರ್ಜಿಯ ಗೋಪುರ. ಸುಮಾರು 120 ಅಡಿ ಎತ್ತರ, ಬೂದುಬಣ್ಣದ ಗ್ರಾನೈಟ್. ಅದರ ಬುಡದಲ್ಲಿ ಒಂದಷ್ಟು ಮನೆ, ಆಚೀಚೆ ಕಲ್ಲುಗೋಡೆಯ ಪುಟ್ಟ ಹೊಲಗಳು, ತಗ್ಗಿನಲ್ಲಿ ಈಸ್ಟ್ ವೆಬ್‌ಬರ್ನ್ ಹೊಳೆ. ಗೋಡೆ ಮುಗಿದಲ್ಲಿಗೆ ಸಾಗುವಳಿಯೂ ಮುಗಿಯಿತು. ಅಲ್ಲಿಂದ ಮೇಲೆಲ್ಲ ಗಾಳಿ, ಜೌಗು, ಹೀದರ್ ಪೊದೆ, ನೆತ್ತಿಯಲ್ಲಿ ‘ಟಾರ್’ ಎಂಬ ಬಂಡೆರಾಶಿ. ಇಂಗ್ಲೆಂಡಿನ ನೈಋತ್ಯಕ್ಕಿರುವ ಡೆವನ್ ಸೀಮೆಯ ಡಾರ್ಟ್‌ಮೂರ್ ಇದು; ತಗ್ಗಿನ ಆ ಊರೇ ವೈಡ್‌ಕಂಬ್.

ಇಷ್ಟು ಸಣ್ಣ ಊರಿಗೆ ಅಷ್ಟು ದೊಡ್ಡ ಗೋಪುರ ಹೇಗೆ ಬಂತೆಂದರೆ, ತವರದ ಗಣಿಯವರ ದುಡ್ಡು ಎನ್ನುತ್ತಾರೆ. 1638ರ ಅಕ್ಟೋಬರ್ 21, ಭಾನುವಾರ ಮಧ್ಯಾಹ್ನ, ಜನ ಪ್ರಾರ್ಥನೆಗೆ ಕೂತಿದ್ದಾಗ ಗೋಪುರಕ್ಕೆ ಸಿಡಿಲು ಬಡಿಯಿತು. ನಾಲ್ವರು ಸತ್ತರು, ಸುಮಾರು ಅರವತ್ತು ಮಂದಿಗೆ ಗಾಯ. ಶಾಲಾ ಮೇಷ್ಟ್ರು ಅದರ ಮೇಲೆ ಪದ್ಯ ಕಟ್ಟಿದರು. ಆ ಪದ್ಯ ಬರೆದ ಹಲಗೆಗಳು ಇಂದಿಗೂ ಇಗರ್ಜಿಯೊಳಗಿವೆ. ಸೈತಾನನೇ ಬಂದಿದ್ದ ಎಂಬ ಕಥೆಯೂ ಹುಟ್ಟಿತು, ಹುಟ್ಟದೆ ಇರುತ್ತದೆಯೇ?

ಪಕ್ಕದ ಚರ್ಚ್ ಹೌಸ್ ಹದಿನಾರನೇ ಶತಮಾನದ್ದು. ಹಬ್ಬಕ್ಕೆ ಬಿಯರ್ ತಯಾರಿಸಲು ಕಟ್ಟಿದ ಮನೆ ಮುಂದೆ ಬಡವರ ಬಿಡಾರವಾಯಿತು, ಶಾಲೆಯಾಯಿತು. ಈಗ ಊರವರು ಸಭೆ ಸೇರುವ ಜಾಗ.

ಸೆಪ್ಟೆಂಬರಿನ ಎರಡನೇ ಮಂಗಳವಾರ ಇಲ್ಲಿ ಜಾತ್ರೆ. ಹಿಂದೆ ದನ, ಕುರಿಗಳ ಸಂತೆಯಾಗಿತ್ತು. ಅದರ ಹೆಸರನ್ನು ದೂರದೂರಕ್ಕೆ ಮುಟ್ಟಿಸಿದ್ದು ಒಂದು ಜನಪದ ಹಾಡು. ಅಂಕಲ್ ಟಾಮ್ ಕಾಬ್ಲಿ ಮತ್ತು ಸಂಗಡಿಗರು ಎರವಲು ತಂದ ಬೂದು ಕುದುರೆಯ ಮೇಲೆ ಜಾತ್ರೆಗೆ ಹೊರಡುತ್ತಾರೆ; ಪಾಪದ ಪ್ರಾಣಿ ಸತ್ತು ದೆವ್ವವಾಗಿ ಅಲೆಯುತ್ತದೆ. ಸತ್ತ ಕುದುರೆಯ ಹೆಸರಲ್ಲಿ ವರ್ಷವಿಡೀ ಚಹಾ, ಕೇಕು, ಪಿಂಗಾಣಿ ಮಾರುವ ಊರು ಇನ್ನೊಂದಿದೆಯೋ ಕಾಣೆ.

ಬದುಕಿರುವ ಕುದುರೆಗಳ ಕಥೆ ಬೇರೆ. ರಸ್ತೆಗೇ ಬಂದು ನಿಲ್ಲುವ ಗಿಡ್ಡ ಡಾರ್ಟ್‌ಮೂರ್ ಪೋನಿಗಳನ್ನು ಪ್ರವಾಸಿಗರು ಕಾಡುಕುದುರೆ ಎಂದುಕೊಳ್ಳುತ್ತಾರೆ. ಪ್ರತಿಯೊಂದಕ್ಕೂ ಒಡೆಯರಿದ್ದಾರೆ. ಅವು ಮೇಯುವ ಗೋಮಾಳದ ನೆಲ ಯಾರದೇ ಇರಲಿ, ಮೇಯಿಸುವ ಹಕ್ಕು ಸುತ್ತಲ ರೈತರದು. ತಲೆಮಾರುಗಳಿಂದ ಬಂದ ಈ ಹಕ್ಕಿಗೆ 1985ರ ಕಾಯಿದೆಯ ಬಲವೂ ಸೇರಿದೆ. ಬೇಲಿಯಿಲ್ಲದ ಬಯಲಲ್ಲಿ ಎಲ್ಲರ ಕುದುರೆಗಳೂ ಬೆರೆತಿರುತ್ತವೆ. ಹಾಗಾಗಿ ಶರತ್ಕಾಲದ ‘ಡ್ರಿಫ್ಟ್’ಗೆ, ಅಂದರೆ ಪೋನಿಗಳನ್ನು ಒಟ್ಟುಗೂಡಿಸಿ ತರುವ ಕೆಲಸಕ್ಕೆ, ನೆರೆಹೊರೆಯವರೆಲ್ಲ ಕುದುರೆಯೇರಿ, ಮೋಟಾರು ಬೈಕೇರಿ ಒಟ್ಟಿಗೇ ಹೊರಡಬೇಕು. ಮಾತು ಬಿಟ್ಟವರೂ ಅಂದು ಒಂದೇ ಸಾಲಲ್ಲಿ ನಿಂತು ಹಿಂಡನ್ನು ಕೆಳಗಟ್ಟುತ್ತಾರೆ. ದೊಡ್ಡಿ ಸೇರಿದ ಮೇಲೆ ಯಾವ ಮರಿ ಯಾರದೆಂದು ವಿಂಗಡಣೆ.