ನಾಯಿ ಒಗ್ಗದ ಮನೆಯಲ್ಲಿ ನಾಯಿ

ನಾಯಿ ಸಾಕಿದ ಮನೆಯಲ್ಲಿ ಯಾರಿಗಾದರೂ ಬಿಡದೆ ಸೀನು, ಕಣ್ಣುರಿ, ರಾತ್ರಿ ಹೊತ್ತು ಉಬ್ಬಸ ಶುರುವಾದರೆ ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೂ ಬಾಯಿಗೆ ಬರುವ ಮಾತು ಒಂದೇ: ‘ನಾಯಿ ಕೂದಲು ಆಗಿಬರಲಿಲ್ಲ’. ಕೂದಲು ಉದುರದ ಜಾತಿ ನಾಯಿ ತನ್ನಿ ಎಂದು ಒಬ್ಬರು, ಮೈ ಬೋಳಿಸಿಬಿಡಿ ಎಂದು ಇನ್ನೊಬ್ಬರು ಸಲಹೆ ಕೊಡುತ್ತಾರೆ. ಎರಡರಿಂದಲೂ ಗುಣ ಕಾಣದೆ ಹೋದಾಗ, ಸಾಕಿ ಬೆಳೆಸಿದ ಪ್ರಾಣಿಯನ್ನು ಊರಾಚೆಯ ರಸ್ತೆಯಲ್ಲಿ ಇಳಿಸಿ ಬಂದುಬಿಡುತ್ತಾರೆ. ಮನೆಯ ಅನ್ನ ತಿಂದು ಬೆಳೆದ ನಾಯಿ ಅಲ್ಲಿ ಹೆಚ್ಚು ದಿನ ಬಾಳುವುದಿಲ್ಲ. ಇತ್ತ ಮನೆಯವರ ಸೀನೂ ನಿಲ್ಲುವುದಿಲ್ಲ. ಈ ಎರಡು ಕಷ್ಟಗಳನ್ನೂ ಬಹಳ ಮಟ್ಟಿಗೆ ತಪ್ಪಿಸಬಹುದು. ಅದಕ್ಕೆ ಮೊದಲು ತಿಳಿಯಬೇಕಾದದ್ದು, ತೊಂದರೆ ಕೊಡುತ್ತಿರುವುದು ಕೂದಲಲ್ಲ ಎಂಬುದು.

ತೊಂದರೆ ಕೊಡುವುದು ನಾಯಿಯ ಜೊಲ್ಲಿನಲ್ಲಿ, ಚರ್ಮದಿಂದ ಉದುರುವ ಹೊಟ್ಟಿನಲ್ಲಿ, ಮೂತ್ರದಲ್ಲಿ ಇರುವ ಕೆಲವು ಪ್ರೋಟೀನ್‌ಗಳು. ವಿಜ್ಞಾನಿಗಳು ಇಂಥ ಎಂಟನ್ನು ಗುರುತಿಸಿ, ಕ್ಯಾನಿಸ್ ಫೆಮಿಲಿಯಾರಿಸ್ ಎಂಬ ನಾಯಿಯ ಶಾಸ್ತ್ರೀಯ ಹೆಸರನ್ನು ಮೊಟಕು ಮಾಡಿ ಕ್ಯಾನ್ ಎಫ್ 1, ಕ್ಯಾನ್ ಎಫ್ 2 ಎಂದು ಅಂಕಿ ಹಾಕಿದ್ದಾರೆ. ಇವುಗಳಲ್ಲಿ ಮೊದಲನೆಯದರದೇ ಮೇಲುಗೈ. ಅದು ಹೆಚ್ಚಾಗಿ ತಯಾರಾಗುವುದು ನಾಲಗೆಯಲ್ಲಿ. ನಾಯಿ ಮೈ ನೆಕ್ಕಿಕೊಂಡಾಗ ಜೊಲ್ಲು ಕೂದಲಿಗೂ ಚರ್ಮಕ್ಕೂ ಅಂಟಿ, ಒಣಗಿ, ಹೊಟ್ಟಿನ ಜೊತೆ ಪುಡಿಯಾಗಿ ಉದುರುತ್ತದೆ. ಕೂದಲು ಅದನ್ನು ಹೊತ್ತು ತಿರುಗುತ್ತದೆ, ಅಷ್ಟೇ. ಲಿಪೋಕ್ಯಾಲಿನ್ ಎಂಬ ದೊಡ್ಡ ವಂಶಕ್ಕೆ ಸೇರಿದ ಈ ಪ್ರೋಟೀನಿನ ಆಕಾರ ಬಟ್ಟಲಿನದು. ಕೊಬ್ಬಿನಂಶದ ಸಣ್ಣ ಸಣ್ಣ ಅಣುಗಳನ್ನು ಒಡಲಲ್ಲಿಟ್ಟು ಸಾಗಿಸುವುದು ಈ ವಂಶದ ಕಸುಬು. ಕುದುರೆ ಮತ್ತು ದನದ ಮೈಹೊಟ್ಟಿನಲ್ಲಿ ಅಲರ್ಜಿ ತರುವ ಮುಖ್ಯ ಪ್ರೋಟೀನ್‌ಗಳೂ ಇದೇ ವಂಶದವು. ನಮ್ಮ ಕಣ್ಣೀರಿನಲ್ಲೂ ಇದರ ದಾಯಾದಿ ಪ್ರೋಟೀನ್ ಒಂದಿದೆ ಎಂಬುದು ನನಗೆ ಯಾವತ್ತೂ ಬೆರಗು ತರುವ ಸಂಗತಿ.

ಬಹುಪಾಲು ಜನರ ಮೂಗಿಗೆ ಈ ಪುಡಿ ಹೋದರೂ ಏನೂ ಆಗುವುದಿಲ್ಲ. ಕೆಲವರ ರೋಗನಿರೋಧಕ ವ್ಯವಸ್ಥೆ ಮಾತ್ರ ಅದನ್ನು ಶತ್ರು ಎಂದು ಎಣಿಸಿ, ಅದಕ್ಕೆಂದೇ ಐಜಿಇ ಎಂಬ ಪ್ರತಿಕಾಯ ತಯಾರಿಸುತ್ತದೆ. ಈ ಐಜಿಇಯನ್ನು 1966–67ರಲ್ಲಿ ಅಮೆರಿಕದಲ್ಲಿದ್ದ ಜಪಾನಿನ ಇಶಿಜಾಕ ದಂಪತಿ ಮತ್ತು ಸ್ವೀಡನ್ನಿನ ಯೊಹಾನ್ಸನ್, ಬೆನ್ನಿಕ್ ಬೇರೆಬೇರೆಯಾಗಿ ಕಂಡುಹಿಡಿದರು. ಮೂಗು, ಕಣ್ಣು, ಶ್ವಾಸನಾಳಗಳ ಒಳಪದರದಲ್ಲಿರುವ ಮಾಸ್ಟ್ ಕೋಶಗಳ ಮೈಮೇಲೆ ಐಜಿಇ ಹೋಗಿ ಕೂರುತ್ತದೆ. ಮುಂದೊಂದು ದಿನ ನಾಯಿಯ ಪ್ರೋಟೀನ್ ಬಂದು ಅದಕ್ಕೆ ತಗುಲಿದ ಕೂಡಲೇ ಆ ಕೋಶಗಳು ಒಡಲಲ್ಲಿದ್ದ ಹಿಸ್ಟಮಿನ್ ಮುಂತಾದ ರಾಸಾಯನಿಕಗಳನ್ನು ಹೊರಗೆ ಸುರಿಯುತ್ತವೆ. ಆಮೇಲಿನದು ಗೊತ್ತೇ ಇದೆ. ಮೂಗಿನಲ್ಲಿ ನೀರು, ಕಣ್ಣಲ್ಲಿ ತುರಿಕೆ, ನಾಯಿ ನೆಕ್ಕಿದ ಜಾಗದಲ್ಲಿ ದದ್ದು. ಶ್ವಾಸನಾಳಕ್ಕೂ ತಟ್ಟಿದರೆ ದಮ್ಮು.

ಈ ಹೊಟ್ಟು ಎಷ್ಟು ನಯವೆಂದರೆ, ಒಂದು ಪಾಲು ನೆಲಕ್ಕೆ ಬೀಳದೆ ಗಂಟೆಗಟ್ಟಲೆ ಗಾಳಿಯಲ್ಲೇ ತೇಲುತ್ತದೆ. ಉಳಿದದ್ದು ಗೋಡೆಗೆ, ಪರದೆಗೆ, ಹಾಸಿಗೆಗೆ, ಉಟ್ಟ ಬಟ್ಟೆಗೆ ಅಂಟುತ್ತದೆ. ನಾಯಿಯೇ ಇಲ್ಲದ ಮನೆಗಳಲ್ಲಿ, ಶಾಲೆಯ ಕೊಠಡಿಗಳಲ್ಲಿ ಕೂಡ ನಾಯಿಯ ಪ್ರೋಟೀನ್ ಸಿಕ್ಕಿದೆ. ನಾಯಿ ಸಾಕಿದವರ ಮಕ್ಕಳ ಅಂಗಿಯ ಮೇಲೆ ಅದು ಅಲ್ಲಿಗೆ ಹೋಗಿರುತ್ತದೆ.

ನಮ್ಮ ಸೀಮೆಯಲ್ಲಿ ನಾಯಿಗೆ ಹಿಂದಿನಿಂದಲೂ ಇದ್ದ ಜಾಗವನ್ನು ಇಲ್ಲಿ ನೆನೆಯಬೇಕು. ಕುರಿಹಟ್ಟಿಯ ನಾಯಿ ಮಲಗುವುದು ಹಟ್ಟಿಯ ಅಂಚಿನಲ್ಲಿ, ತೋಳ ಬರುವ ದಿಕ್ಕಿಗೆ ಮುಖ ಮಾಡಿ. ಊರೊಳಗಿನ ನಾಯಿಗೆ ಮನೆಮುಂದಿನ ಕಟ್ಟೆ ಅಥವಾ ದನದ ಕೊಟ್ಟಿಗೆ. ಮನೆಯ ಒಳಗೆ ಅದಕ್ಕೆ ಪ್ರವೇಶವಿರಲಿಲ್ಲ. ಹಾಗೆಂದು ಅದರ ಮೇಲೆ ತಾತ್ಸಾರವೂ ಇರಲಿಲ್ಲ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಹೋದವರು ಕಂಡಿರುತ್ತಾರೆ: ಮೈಲಾರಲಿಂಗನ ಭಕ್ತರಾದ, ಕರಿಕಂಬಳಿ ಹೊದ್ದ ಗೊರವರು ದೋಣಿ ಎಂಬ ಪಾತ್ರೆಯ ಸುತ್ತ ಮಂಡಿಯೂರಿ, ನಾಯಿಯಂತೆ ಬೊಗಳುತ್ತ, ಅದರಲ್ಲಿ ಸುರಿದ ಪ್ರಸಾದಕ್ಕೆ ಬಾಯಿ ಹಾಕುತ್ತಾರೆ. ಮೈಲಾರಲಿಂಗನ ನಾಯಿಗಳು ತಾವು ಎಂಬ ಭಾವ ಅವರದು. ಇಂಥ ನಾಡಿನಲ್ಲಿ ‘ನಾಯಿ ಬಿಟ್ಟುಬಿಡಿ’ ಎಂದು ವೈದ್ಯರು ಚೀಟಿ ಬರೆದುಕೊಟ್ಟರೆ ಅದು ಪೂರ್ತಿ ಸಲಹೆಯಾಗುವುದಿಲ್ಲ.

ಈಗ ಬದಲಾಗಿರುವುದು ಮನೆ. ಕೊಟ್ಟೂರು, ಹಗರಿಬೊಮ್ಮನಹಳ್ಳಿಗಳ ಹೊಸ ಬಡಾವಣೆಗಳಲ್ಲಿ ಕಟ್ಟೆಯೂ ಇಲ್ಲ, ಕೊಟ್ಟಿಗೆಯೂ ಇಲ್ಲ. ಆರ್‌ಸಿಸಿ ಮನೆ, ಗಾಜಿನ ಕಿಟಕಿ, ಒಳಗೆ ಸೋಫಾ. ನಾಯಿ ಸೋಫಾ ಹತ್ತಿತು, ಮಕ್ಕಳ ಹಾಸಿಗೆಗೂ ಬಂತು. ಕಟ್ಟೆಯ ಮೇಲಿದ್ದಾಗ ಗಾಳಿಗೆ ಹಾರಿಹೋಗುತ್ತಿದ್ದ ಹೊಟ್ಟು ಈಗ ಮುಚ್ಚಿದ ಕೋಣೆಯಲ್ಲಿ ದಿನದಿಂದ ದಿನಕ್ಕೆ ಸೇರುತ್ತಾ ಹೋಗುತ್ತದೆ.

ಅಲರ್ಜಿ ತರದ ತಳಿ ಎಂಬುದು ಮಾರುವವರ ಮಾತು. ಇದರ ಹಿಂದೆ ಒಂದು ಕಥೆ ಇದೆ. ಆಸ್ಟ್ರೇಲಿಯಾದಲ್ಲಿ ಅಂಧರಿಗೆ ನಾಯಿಗಳನ್ನು ತರಬೇತುಗೊಳಿಸಿ ಕೊಡುವ ಸಂಸ್ಥೆಯಲ್ಲಿದ್ದ ವಾಲಿ ಕಾನ್ರನ್ ಅವರಿಗೆ ಹವಾಯಿ ದ್ವೀಪದ ಅಂಧ ಮಹಿಳೆಯೊಬ್ಬರಿಂದ ಕೋರಿಕೆ ಬಂತು. ಆಕೆಯ ಗಂಡನಿಗೆ ನಾಯಿ ಅಲರ್ಜಿ. ಕಾನ್ರನ್ 1989ರಲ್ಲಿ ಲ್ಯಾಬ್ರಡಾರ್ ಮತ್ತು ಪೂಡಲ್ ಕೂಡಿಸಿ ಮೂರು ಮರಿ ಪಡೆದು, ಅವುಗಳ ಕೂದಲು ಮತ್ತು ಜೊಲ್ಲನ್ನು ಪರೀಕ್ಷೆಗೆ ಕಳಿಸಿದರು. ಮೂರರಲ್ಲಿ ಒಂದೇ ಮರಿ ಆ ಮನುಷ್ಯನಿಗೆ ಒಗ್ಗಿತು. ಒಂದೇ ತಾಯಿ, ಒಂದೇ ತಂದೆ, ಒಂದೇ ಸೂಲು. ಹಾಗಿದ್ದೂ ಫಲಿತಾಂಶ ಬೇರೆ ಬೇರೆ. ಲೋಕ ಮಾತ್ರ ಈ ವಿವರವನ್ನು ಮರೆತು ಲ್ಯಾಬ್ರಡೂಡಲ್ ಎಂಬ ಈ ಮಿಶ್ರತಳಿ ಅಲರ್ಜಿಯನ್ನೇ ತರುವುದಿಲ್ಲ ಎಂದು ಹಣ ಸುರಿಯಿತು. 2011ರಲ್ಲಿ ಅಮೆರಿಕದ ಡೆಟ್ರಾಯಿಟ್‌ನ ಹೆನ್ರಿ ಫೋರ್ಡ್ ಆಸ್ಪತ್ರೆಯವರು ಒಂದೊಂದೇ ನಾಯಿ ಇದ್ದ 173 ಮನೆಗಳ ದೂಳು ಪರೀಕ್ಷಿಸಿದಾಗ, ‘ಅಲರ್ಜಿರಹಿತ’ ತಳಿಯ ಮನೆಗೂ ಬೇರೆ ಮನೆಗೂ ವ್ಯತ್ಯಾಸ ಸಿಗಲಿಲ್ಲ. ಮರುವರ್ಷ ನೆದರ್ಲೆಂಡ್ಸ್‌ನಲ್ಲಿ ನಡೆದ ಅಧ್ಯಯನದಲ್ಲಂತೂ ಅಂಥ ತಳಿಗಳ ಕೂದಲಿನಲ್ಲೇ ಕ್ಯಾನ್ ಎಫ್ 1 ಹೆಚ್ಚಿತ್ತು.

ನಮ್ಮ ಮುಧೋಳ ನಾಯಿಗೂ ಇದೇ ಮಾತು ಅನ್ವಯಿಸುತ್ತದೆ. ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕೇಂದ್ರವೊಂದು ಈ ತಳಿಯನ್ನು ಉಳಿಸುವ ಕೆಲಸ ಮಾಡುತ್ತಿದೆ. 2005ರಲ್ಲಿ ಅಂಚೆಚೀಟಿಯ ಮೇಲೂ ಬಂದ ಈ ನಾಯಿಯ ಗಿಡ್ಡ ಕೂದಲು, ನಯವಾದ ಮೈ ನೋಡಿ ಅಲರ್ಜಿ ಇರುವವರಿಗೆ ಇದೇ ಸರಿ ಎಂದುಕೊಳ್ಳುವವರಿದ್ದಾರೆ. ಇದಕ್ಕೂ ನಾಲಗೆ ಇದೆ, ಚರ್ಮ ಇದೆ. ಓಡಲು ಬಯಲು ಬೇಕೆಂಬ ಪ್ರಾಣಿಯನ್ನು ಅಲರ್ಜಿಯ ನೆಪಕ್ಕೆ ಕೋಣೆಯಲ್ಲಿ ಸಾಕುವುದು ಅದಕ್ಕೂ ಹಿಂಸೆ. ಮರಿ ತರುವ ಮುಂಚೆ, ತರಬೇಕೆಂದಿರುವ ಅದೇ ಮರಿಯ ಜೊತೆ ನಾಲ್ಕಾರು ಸಲ ಹೊತ್ತು ಕಳೆದು ನೋಡುವುದೇ ತಳಿಯ ಹೆಸರಿಗಿಂತ ನಂಬಬಹುದಾದ ದಾರಿ.

ಗಂಡು ಹೆಣ್ಣಿನ ವಿಚಾರ ಮಾತ್ರ ನಿಜವಾಗಿ ಲೆಕ್ಕಕ್ಕೆ ಬರುತ್ತದೆ, ಆದರೆ ನಮ್ಮಲ್ಲಿ ಇದನ್ನು ಹೇಳುವವರೇ ಕಡಿಮೆ. ಕ್ಯಾನ್ ಎಫ್ 5 ಎಂಬ ಪ್ರೋಟೀನ್ ತಯಾರಾಗುವುದು ನಾಯಿಯ ಪ್ರಾಸ್ಟೇಟ್ ಗ್ರಂಥಿಯಲ್ಲಿ. ಅಂದರೆ ಅದು ಗಂಡಿನ ಸ್ವತ್ತು. ಮೂತ್ರದ ಜೊತೆ ಹೊರಬಂದು ಮೈಗೂ ನೆಲಕ್ಕೂ ಅಂಟುತ್ತದೆ. ನಾಯಿ ಅಲರ್ಜಿ ಇರುವವರಲ್ಲಿ ಒಂದು ಗುಂಪಿಗೆ ಇದೊಂದೇ ಪ್ರೋಟೀನ್ ಆಗಿಬರುವುದಿಲ್ಲ, ಉಳಿದವುಗಳಿಂದ ತೊಂದರೆಯೇ ಇಲ್ಲ. ಅಂಥವರು ಹೆಣ್ಣು ನಾಯಿಯ ಜೊತೆ ನೆಮ್ಮದಿಯಾಗಿ ಇರಬಲ್ಲರು. ನಮ್ಮ ಹಳ್ಳಿಗಳಲ್ಲಿ ಎಲ್ಲರೂ ಹುಡುಕುವುದು ಗಂಡು ಮರಿಯನ್ನು. ಹೆಣ್ಣಾದರೆ ಮರಿ ಹಾಕುತ್ತದೆ ಎಂಬ ಭಯ. ಸಂತಾನಹರಣ ಶಸ್ತ್ರಚಿಕಿತ್ಸೆ ಈ ಎರಡಕ್ಕೂ ಪರಿಹಾರ. ಹೆಣ್ಣಿಗೆ ಮಾಡಿಸಿದರೆ ಮರಿಗಳ ಚಿಂತೆ ಇಲ್ಲ. ಗಂಡಿಗೆ ಬೀಜ ತೆಗೆಸಿದರೆ ಕ್ಯಾನ್ ಎಫ್ 5 ತಯಾರಿಕೆ ಬಹುತೇಕ ನಿಂತುಹೋಗುತ್ತದೆ. ಯಾವ ಪ್ರೋಟೀನ್ ಎಂದು ಬಿಡಿಬಿಡಿಯಾಗಿ ತಿಳಿಸುವ ರಕ್ತಪರೀಕ್ಷೆ ದೊಡ್ಡ ಪ್ರಯೋಗಾಲಯಗಳಲ್ಲಿ ಲಭ್ಯವಿದೆ. ನಾಯಿಯನ್ನು ಉಳಿಸಿಕೊಳ್ಳಬೇಕೆಂಬ ಆಸೆ ಗಟ್ಟಿಯಾಗಿದ್ದವರಿಗೆ ಆ ಖರ್ಚು ದಂಡವಲ್ಲ.

ಅದಕ್ಕೂ ಮೊದಲು, ತಪ್ಪು ನಾಯಿಯದೇ ಹೌದೇ ಎಂದು ಕೇಳಿಕೊಳ್ಳಬೇಕು. ನಮ್ಮ ಸೀಮೆಯ ರಸ್ತೆಬದಿಯಲ್ಲಿ, ಬೀಳು ಹೊಲಗಳಲ್ಲಿ ಕಾಂಗ್ರೆಸ್ ಗಿಡ ಬೆಳೆದು ನಿಂತಿದೆ. ಅದರ ಪರಾಗ ಸೀನು, ಉಬ್ಬಸ, ಚರ್ಮದ ತುರಿಕೆ ಮೂರನ್ನೂ ತರಬಲ್ಲದು. ಹರಪನಹಳ್ಳಿ ಕಡೆ ಮೆಕ್ಕೆಜೋಳದ ತೆನೆ ಬಿಡಿಸುವ ಯಂತ್ರದ ದೂಳು, ಕೊಟ್ಟಿಗೆಯಲ್ಲಿ ದನದ ಮೈಹೊಟ್ಟು, ಹಾಸಿಗೆಯ ದೂಳುಹುಳ ಕೂಡ ಕಾರಣವಾಗಬಹುದು. ಮಳೆ ಬಿದ್ದು ಗಿಡ ಹೂ ಬಿಟ್ಟಾಗ ಕಾಯಿಲೆ ಏರಿ, ಬಿರುಬೇಸಿಗೆಯಲ್ಲಿ ಇಳಿದರೆ ಪರಾಗದ ಮೇಲೆ ಅನುಮಾನ ಪಡಬೇಕು. ವರ್ಷವಿಡೀ ಇದ್ದು, ಬೇರೆ ಊರಿಗೆ ಹೋಗಿ ನಿಂತಾಗ ಮಾತ್ರ ಇಳಿದರೆ ಕಾರಣ ಮನೆಯೊಳಗಿದೆ.

ಇದನ್ನು ನಿಶ್ಚಯ ಮಾಡುವ ಚರ್ಮಪರೀಕ್ಷೆ ಸರಳವಾದದ್ದು. ಮುಂಗೈಯ ಒಳಬದಿಗೆ ಪೆನ್ನಿನಿಂದ ಗುರುತು ಹಾಕಿ, ಒಂದೊಂದು ಗುರುತಿನ ಪಕ್ಕ ಒಂದೊಂದು ಹನಿ ಬಿಡುತ್ತಾರೆ: ನಾಯಿಯದು, ಬೆಕ್ಕಿನದು, ದೂಳುಹುಳದ್ದು, ಕಾಂಗ್ರೆಸ್ ಗಿಡದ್ದು. ಹೋಲಿಕೆಗೆಂದು ಒಂದು ಬರಿಯ ಉಪ್ಪುನೀರು, ಒಂದು ಹಿಸ್ಟಮಿನ್. ಹನಿಯ ಮೂಲಕ ಸಣ್ಣ ಮೊನೆಯಿಂದ ಚುಚ್ಚಿದರೆ ರಕ್ತ ಬರುವುದಿಲ್ಲ, ಇರುವೆ ಕಚ್ಚಿದಷ್ಟು ನೋವು. 15–20 ನಿಮಿಷ ಕೈ ಒರೆಸದೆ ಕೂರಬೇಕು. ಒಗ್ಗದ ಹನಿಯ ಜಾಗ ಸೊಳ್ಳೆ ಕಚ್ಚಿದ ಹಾಗೆ ಉಬ್ಬುತ್ತದೆ. ಉಪ್ಪುನೀರಿನ ಜಾಗಕ್ಕಿಂತ 3 ಮಿಲಿಮೀಟರ್ ಹೆಚ್ಚು ಉಬ್ಬಿದರೆ ಅಲರ್ಜಿ ಇದೆ ಎಂದು ಲೆಕ್ಕ. ಮೆಡಿಕಲ್ ಶಾಪಿನಲ್ಲಿ ಸಿಗುವ ಸೆಟ್ರಿಜಿನ್ ಎಂಬ ಅಲರ್ಜಿ ಮಾತ್ರೆಯನ್ನು ವೈದ್ಯರು ಹೇಳಿದಂತೆ ಸುಮಾರು ಒಂದು ವಾರ ಮೊದಲೇ ನಿಲ್ಲಿಸಿರಬೇಕು, ಇಲ್ಲವಾದರೆ ಯಾವುದೂ ಉಬ್ಬುವುದಿಲ್ಲ.

ನಾಯಿಯೇ ಕಾರಣ ಎಂದು ಗೊತ್ತಾದ ಮೇಲೆ ಮಾಡಬೇಕಾದದ್ದರಲ್ಲಿ ಮೊದಲನೆಯದು ಮಲಗುವ ಕೋಣೆಯನ್ನು ಕಾಯುವುದು. ದಿನದ ಮೂರನೇ ಒಂದು ಭಾಗ ನಾವು ಉಸಿರಾಡುವುದು ಅಲ್ಲಿ. ಆ ಬಾಗಿಲೊಳಗೆ ನಾಯಿ ಯಾವತ್ತೂ ಕಾಲಿಡಬಾರದು, ನಾಯಿಯ ಜೊತೆ ಆಡಿದ ಬಟ್ಟೆಯಲ್ಲಿ ನಾವೂ ಹಾಸಿಗೆಗೆ ಹೋಗಬಾರದು. ಕೌದಿ, ಕಂಬಳಿಗಳ ಬಗ್ಗೆ ಹೆಚ್ಚು ಎಚ್ಚರ ಬೇಕು. ಹಳೇ ಸೀರೆ, ಧೋತರಗಳನ್ನು ಪದರ ಪದರವಾಗಿ ಸೇರಿಸಿ ಹೊಲಿದ ಕೌದಿಯ ಒಂದೊಂದು ಹೊಲಿಗೆಯ ಸಂದಿಯಲ್ಲೂ ಹೊಟ್ಟು ಅಡಗುತ್ತದೆ. ಬಿಸಿಲಿಗೆ ಹರವಿ ಕೋಲಿನಿಂದ ಬಡಿದರೆ ಅದು ಬಡಿದವರ ಮೂಗಿಗೇ ಬರುತ್ತದೆ. ಈ ಪ್ರೋಟೀನ್ ನೀರಿಗೆ ಕರಗುವಂಥದ್ದು, ಹಾಗಾಗಿ ಒಗೆಯಲೇಬೇಕು. ನೆಲವನ್ನು ಒಣ ಪೊರಕೆಯಲ್ಲಿ ಗುಡಿಸುವ ಬದಲು ಒದ್ದೆ ಬಟ್ಟೆಯಿಂದ ಒರೆಸಬೇಕು. ನಾಯಿಯ ಮೈ ಬಾಚುವ ಕೆಲಸ ಅಲರ್ಜಿ ಇಲ್ಲದವರದು, ಅದೂ ಮನೆಯ ಹೊರಗೆ ಬೇವಿನ ಮರದ ಕೆಳಗೆ.

ನಾಯಿಗೆ ಸ್ನಾನ ಮಾಡಿಸಿದರೆ ಹೊಟ್ಟು ಕಡಿಮೆಯಾಗುವುದು ನಿಜ. ಆದರೆ ಕೆಲವೇ ದಿನಗಳಲ್ಲಿ ಮತ್ತೆ ಮೊದಲಿನಷ್ಟಾಗುತ್ತದೆ. ಇಂಗ್ಲೆಂಡಿನ ತಜ್ಞರು 1999ರಲ್ಲಿ ಅಳೆದು ನೋಡಿ, ವಾರಕ್ಕೆ ಎರಡು ಸಲವಾದರೂ ತೊಳೆಯಬೇಕು ಎಂದರು. ಬೇಸಿಗೆಯಲ್ಲಿ ಕೊಳವೆಬಾವಿ ಬತ್ತಿ ಟ್ಯಾಂಕರ್ ಕಾಯುವ ಕೂಡ್ಲಿಗಿಯ ಹಳ್ಳಿಗಳಲ್ಲಿ ಇದು ಆಗುವ ಮಾತಲ್ಲ. ನನ್ನನ್ನು ಕೇಳಿದರೆ, ಇರುವ ಎರಡು ಕೊಡ ನೀರನ್ನು ಹಾಸಿಗೆಯ ಹೊದಿಕೆ ಒಗೆಯಲು ಬಳಸಿ, ನಾಯಿಯ ಮೈಯನ್ನು ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸುವುದು ಮೇಲು. ಕಟ್ಟೆ ಇಲ್ಲದ ಮನೆಯವರು ಮೆಟ್ಟಿಲ ಕೆಳಗೋ ಹಿತ್ತಲಲ್ಲೋ ನೆರಳು, ನೀರು, ಗೋಣಿಚೀಲದ ಹಾಸು ಒದಗಿಸಿ ನಾಯಿಗೆ ಅದರದೇ ಜಾಗ ಮಾಡಿಕೊಡಬಹುದು. ಹೊರಗಿರಲಿ ಎಂದರೆ ಬಿಸಿಲಲ್ಲಿ ಗಿಡ್ಡ ಸರಪಳಿಗೆ ಕಟ್ಟಿಹಾಕುವುದೆಂದಲ್ಲ.

ಇನ್ನು ಔಷಧಿಯ ವಿಚಾರ. ಸೆಟ್ರಿಜಿನ್‌ನಂಥ ಮಾತ್ರೆ ಸೀನು, ತುರಿಕೆಗಳನ್ನು ತಡೆಯುತ್ತದೆ. ದಿನವೂ ಮೂಗು ಕಟ್ಟುವವರಿಗೆ ವೈದ್ಯರು ಬರೆದುಕೊಡುವ ಸ್ಟೀರಾಯ್ಡ್ ಸ್ಪ್ರೇ ಹೆಚ್ಚು ಗುಣಕಾರಿ. 1911ರಲ್ಲಿ ಲಂಡನ್ನಿನ ಲಿಯೊನಾರ್ಡ್ ನೂನ್ ಹುಲ್ಲಿನ ಪರಾಗದಿಂದ ಆರಂಭಿಸಿದ, ಒಗ್ಗದ ವಸ್ತುವನ್ನೇ ಸ್ವಲ್ಪ ಸ್ವಲ್ಪವಾಗಿ ಏರಿಸುತ್ತ ಚುಚ್ಚಿ ಒಗ್ಗಿಸುವ ಚಿಕಿತ್ಸೆ ನಾಯಿ ಅಲರ್ಜಿಗೂ ಇದೆ. ಆದರೆ ಅದು ವರ್ಷಗಟ್ಟಲೆ ನಡೆಯಬೇಕು, ನಾಯಿಯ ವಿಷಯದಲ್ಲಿ ಫಲ ಎಲ್ಲರಿಗೂ ಒಂದೇ ಸಮ ಸಿಕ್ಕಿಲ್ಲ. ದಮ್ಮು ಇರುವವರು ಇನ್‌ಹೇಲರ್‌ಗೆ ಹೆದರಬಾರದು. ಅದು ಕೊನೆಗಾಲದ ಔಷಧಿ ಎಂಬ ಮಾತು ನಮ್ಮ ಕಡೆ ಇನ್ನೂ ಓಡಾಡುತ್ತಿದೆ, ಅದನ್ನು ನಂಬಿ ಕಾಯಿಲೆ ಬಿಗಡಾಯಿಸಿಕೊಳ್ಳುವುದು ಬೇಡ.

ಬಾಣಂತಿ ಮನೆಗೆ ಬರುವಾಗ ನಾಯಿಯನ್ನು ಹೊರಹಾಕಬೇಕೇ ಎಂದು ಹಲವರು ಕೇಳುತ್ತಾರೆ. 2015ರಲ್ಲಿ ಸ್ವೀಡನ್ನಿನ ತೋವೆ ಫಾಲ್ ಮತ್ತು ಸಂಗಡಿಗರು 6 ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆ ನೋಡಿದಾಗ, ಹುಟ್ಟಿದ ಮೊದಲ ವರ್ಷ ಮನೆಯಲ್ಲಿ ನಾಯಿ ಇದ್ದ ಮಕ್ಕಳಿಗೆ ಶಾಲೆ ಸೇರುವ ವಯಸ್ಸಿನಲ್ಲಿ ಅಸ್ತಮಾ ಬರುವ ಸಂಭವ ಶೇಕಡ 13ರಷ್ಟು ಕಡಿಮೆ ಕಂಡಿತು. ಕುರಿ, ದನಗಳ ನಡುವೆ ಬೆಳೆದ ಮಕ್ಕಳಲ್ಲಿ ಲಾಭ ಇನ್ನೂ ಹೆಚ್ಚು. ಹಾಗಾಗಿ ಮಗು ಬಂತೆಂಬ ಕಾರಣಕ್ಕೇ ನಾಯಿಯನ್ನು ಓಡಿಸಬೇಕಿಲ್ಲ. ಆಗಲೇ ನಾಯಿ ಅಲರ್ಜಿಯಿಂದ ಉಬ್ಬಸ ಪಡುತ್ತಿರುವ ಮಗುವಿಗೆ ಈ ಲೆಕ್ಕ ಹೊಂದುವುದಿಲ್ಲ.

ಅಂಥ ಮಗು ಔಷಧಿ ಕೊಟ್ಟರೂ ರಾತ್ರಿ ಎದ್ದು ಕೂರುತ್ತಿದ್ದರೆ ಮಗುವಿನ ಉಸಿರೇ ಮುಖ್ಯ. ನಾಯಿಗೆ ಬೇರೆ ಮನೆ ನೋಡಲೇಬೇಕು. ಹೊಲದಲ್ಲಿ ಮನೆ ಮಾಡಿಕೊಂಡ ಬೀಗರು, ಕುರಿ ಸಾಕಿದ ಗೆಳೆಯರು ಯಾರಾದರೂ ಸಿಕ್ಕೇ ಸಿಗುತ್ತಾರೆ. ಮೊದಲೇ ಹೋಗಿ ಮಾತಾಡಿ, ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿದ ಚೀಟಿಯ ಜೊತೆ ನಾಯಿಯನ್ನು ಕೈಯಾರೆ ಒಪ್ಪಿಸಿ ಬನ್ನಿ. ನಾಯಿ ಹೋದ ವಾರದಲ್ಲೇ ಗುಣ ಕಾಣದಿದ್ದರೆ ದಿಗಿಲು ಬೇಡ, ಹೊಟ್ಟು ಮನೆಯಲ್ಲಿ ತಿಂಗಳುಗಟ್ಟಲೆ ಉಳಿದಿರುತ್ತದೆ. ಗೋಡೆ ಒರೆಸಿ, ಪರದೆ ಕೌದಿಗಳನ್ನು ಒಗೆದು, ನಾಯಿ ಮಲಗುತ್ತಿದ್ದ ಸೋಫಾ ಹೊರಗೆ ಹಾಕಿ. ಇನ್‌ಹೇಲರನ್ನು ವೈದ್ಯರು ಹೇಳುವ ತನಕ ನಿಲ್ಲಿಸಬೇಡಿ.